ಬ್ಲಾಗಿನ ರೀಚ್ ಕುಸಿದಾಗ: ದೋಷ ಎಲ್ಲಿದೆಯೆಂದು ಪತ್ತೆಹಚ್ಚುವ ಕ್ರಮ

ಕನ್ನಡದಲ್ಲಿ ಬ್ಲಾಗ್ ಬರೆಯುವವರಿಂದ ಪದೇ ಪದೇ ಕೇಳಿಬರುವ ದೂರು ಒಂದೇ. ಫೇಸ್‌ಬುಕ್ ಪುಟಕ್ಕೆ ಸಾವಿರಾರು ಫಾಲೋವರ್‌ಗಳಿದ್ದಾರೆ, ಮೊದಲೆಲ್ಲ ಲೇಖನ ಹಾಕಿದ ಗಂಟೆಯೊಳಗೆ ಪ್ರತಿಕ್ರಿಯೆಗಳು ಬರುತ್ತಿದ್ದವು, ಈಗ ಏನು ಹಾಕಿದರೂ ಯಾರ ಕಣ್ಣಿಗೂ ಬೀಳುತ್ತಿಲ್ಲ. ಅದರ ಬೆನ್ನಿಗೇ ಬರುವ ತೀರ್ಮಾನವೂ ಒಂದೇ: ಅಲ್ಗಾರಿದಂ (ಯಾರಿಗೆ ಯಾವ ಪೋಸ್ಟ್ ತೋರಿಸಬೇಕೆಂದು ನಿರ್ಧರಿಸುವ ಯಂತ್ರದ ಲೆಕ್ಕಾಚಾರ) ಬದಲಾಯಿಸಿಬಿಟ್ಟಿದ್ದಾರೆ. ಈ ತೀರ್ಮಾನ ಕೆಲವೊಮ್ಮೆ ಸರಿಯಾಗಿಯೇ ಇರುತ್ತದೆ. ಆದರೆ ಅನೇಕ ಸಲ ದೋಷವು ಒಡೆದ ಲಿಂಕಿನಲ್ಲೋ, ಕಡಿದುಹೋದ ಸ್ವಯಂಚಾಲಿತ ಜೋಡಣೆಯಲ್ಲೋ, ಅಳತೆಯ ವಿಧಾನ ಬದಲಾದದ್ದರಲ್ಲೋ ಇರುತ್ತದೆ. ಅಲ್ಗಾರಿದಮ್ಮನ್ನು ನಾವು ರಿಪೇರಿ ಮಾಡಲಾರೆವು, ಮಿಕ್ಕವನ್ನು ಮಾಡಬಲ್ಲೆವು. ಆದ್ದರಿಂದ ಅದರ ಮೇಲಿನ ಅನುಮಾನವನ್ನು ಕೊನೆಗೆ ಇಟ್ಟುಕೊಂಡು, ನಮ್ಮ ಕೈಯಳತೆಯಲ್ಲಿರುವುದನ್ನೆಲ್ಲ ಮೊದಲು ತಪಾಸಣೆ ಮಾಡುವುದು ಈ ಕೈಪಿಡಿಯ ಕ್ರಮ.

ಲೇಖನ ಪ್ರಕಟವಾದಲ್ಲಿಂದ ಓದುಗ ಅದನ್ನು ಓದುವವರೆಗೆ ಐದು ಕೊಂಡಿಗಳಿವೆ. ಪೋಸ್ಟ್ ನಿಜವಾಗಿಯೂ ನಿಮ್ಮ ಪುಟಕ್ಕೆ ಹೋಗಿ ಸೇರಬೇಕು. ಅಲ್ಲಿಂದ ಫಾಲೋವರ್‌ನ ಫೀಡಿಗೆ, ಅಂದರೆ ತಾಣ ತೆರೆದಾಗ ಕಾಣುವ ಪೋಸ್ಟುಗಳ ಸಾಲಿಗೆ, ಬರಬೇಕು. ಬಂದದ್ದು ಬೆರಳು ನಿಲ್ಲಿಸುವಂತಿರಬೇಕು. ಒತ್ತಿದ ಲಿಂಕ್ ತೆರೆಯಬೇಕು. ತೆರೆದ ಪುಟ ಓದುವ ಸ್ಥಿತಿಯಲ್ಲಿರಬೇಕು. ಅಲ್ಗಾರಿದಮ್ಮಿಗೆ ನೇರ ಸಂಬಂಧವಿರುವುದು ಎರಡನೆಯ ಕೊಂಡಿಗೆ ಮಾತ್ರ.

ಕುಸಿತ ನಿಜವೇ ಎಂದು ಮೊದಲು ನೋಡಿ

'ರೀಚ್ ಬಿದ್ದಿದೆ' ಎನ್ನುವವರನ್ನು ಯಾವ ಅಂಕಿ ಬಿದ್ದಿದೆಯೆಂದು ಕೇಳಿದರೆ ಸ್ಪಷ್ಟ ಉತ್ತರ ಸಿಗುವುದು ಅಪರೂಪ. ರೀಚ್ ಎಂದರೆ ಪೋಸ್ಟನ್ನು ಕಂಡ ಖಾತೆಗಳ ಸಂಖ್ಯೆ. ವ್ಯೂಸ್ ಎಂದರೆ ಅದು ಎಷ್ಟು ಸಲ ಕಾಣಿಸಿಕೊಂಡಿತು ಎಂಬ ಲೆಕ್ಕ. ಒಬ್ಬರೇ ಮೂರು ಸಲ ನೋಡಿದರೆ ರೀಚ್ ಒಂದು, ವ್ಯೂಸ್ ಮೂರು. ಇನ್‌ಸ್ಟಾಗ್ರಾಂ 2024ರಲ್ಲಿ ವ್ಯೂಸನ್ನೇ ಮುಖ್ಯ ಅಳತೆಯನ್ನಾಗಿ ಮಾಡಿತು. ಅದಕ್ಕೆ ಮುಂಚಿನ ಅಂಕಿಗಳನ್ನೂ ಈಗಿನವನ್ನೂ ಒಂದೇ ಸಾಲಿನಲ್ಲಿ ಬರೆದುಕೊಂಡು ಏರಿತು, ಇಳಿಯಿತು ಎಂದು ಹೇಳುವುದರಲ್ಲಿ ಅರ್ಥವಿಲ್ಲ. ಬ್ಲಾಗಿನ ಕಡೆಯಲ್ಲೂ ಇದೇ ಕಥೆ. ಗೂಗಲ್‌ನ ಭೇಟಿ ಎಣಿಸುವ ಹಳೆಯ ಸಾಧನ ಯೂನಿವರ್ಸಲ್ ಅನಲಿಟಿಕ್ಸ್ 2023ರ ಜುಲೈ 1ರಿಂದ ಹೊಸ ದತ್ತಾಂಶ ಸಂಗ್ರಹಿಸುವುದನ್ನು ನಿಲ್ಲಿಸಿತು, ಅದರ ಜಾಗಕ್ಕೆ ಬಂದ ಗೂಗಲ್ ಅನಲಿಟಿಕ್ಸ್ 4 (ಜಿಎ4) ಎಣಿಸುವ ರೀತಿಯೇ ಬೇರೆ. ಎರಡರ ಅಂಕಿಗಳನ್ನು ಹೋಲಿಸಿ ನೊಂದುಕೊಂಡ ಬ್ಲಾಗಿಗರು ಕಡಿಮೆಯೇನಿಲ್ಲ.

ಹೋಲಿಸುವ ಕಾಲವನ್ನೂ ಎಚ್ಚರದಿಂದ ಆರಿಸಿಕೊಳ್ಳಬೇಕು. ಕನ್ನಡ ನುಡಿ, ಇತಿಹಾಸ, ಸಾಹಿತ್ಯಗಳ ಬಗ್ಗೆ ಬರೆಯುವ ಬ್ಲಾಗಿಗೆ ನವೆಂಬರ್ ತಿಂಗಳು ಸುಗ್ಗಿ. ರಾಜ್ಯೋತ್ಸವದ ಹೊತ್ತಿನ ಅಂಕಿಯನ್ನು ಡಿಸೆಂಬರ್ ಅಂಕಿಯೊಡನೆ ಹೋಲಿಸಿದರೆ ಕುಸಿತ ಕಂಡೇ ಕಾಣುತ್ತದೆ. ಐಪಿಎಲ್ ನಡೆಯುವ ಸಂಜೆಗಳು, ಪರೀಕ್ಷೆಯ ತಿಂಗಳುಗಳು, ಚುನಾವಣೆಯ ವಾರಗಳು ಇವೆಲ್ಲ ಓದುಗರ ಗಮನವನ್ನು ಬೇರೆಡೆಗೆ ಸೆಳೆಯುವ ಕಾಲಗಳು. ಹಾಗಾಗಿ ಕಳೆದ ತಿಂಗಳಿಗಿಂತ ಕಳೆದ ವರ್ಷದ ಇದೇ ತಿಂಗಳೊಡನೆ ಹೋಲಿಸುವುದು ಲೇಸು. ಸರಾಸರಿಯನ್ನೂ ನಂಬಬೇಡಿ, ಏಕೆಂದರೆ ಎಲ್ಲೋ ಒಂದು ಪೋಸ್ಟ್ ಊರೆಲ್ಲ ಹಬ್ಬಿದ್ದರೆ ಆ ತಿಂಗಳ ಸರಾಸರಿ ವಿಪರೀತ ಎತ್ತರಕ್ಕೆ ಹೋಗಿ, ಮುಂದಿನ ತಿಂಗಳು ಸಹಜವಾಗಿದ್ದರೂ ಪಾತಾಳದಂತೆ ಕಾಣುತ್ತದೆ. ಇತ್ತೀಚಿನ ಇಪ್ಪತ್ತು ಪೋಸ್ಟ್‌ಗಳ ರೀಚನ್ನು ಏರಿಕೆ ಕ್ರಮದಲ್ಲಿ ಬರೆದು ನಡುವಿನ ಅಂಕಿಯನ್ನು (ಹತ್ತನೆಯ ಮತ್ತು ಹನ್ನೊಂದನೆಯ ಅಂಕಿಗಳ ಸರಾಸರಿಯನ್ನು) ತೆಗೆದುಕೊಳ್ಳಿ, ಕಳೆದ ವರ್ಷ ಇದೇ ಹೊತ್ತಿನ ಇಪ್ಪತ್ತಕ್ಕೂ ಹಾಗೆಯೇ ಮಾಡಿ. ಆ ಎರಡು ನಡುವಿನ ಅಂಕಿಗಳ ಅಂತರವೇ ನಿಜವಾದ ಕುಸಿತ.

ಕುಸಿತ ನಿಜವೆಂದು ಖಚಿತವಾದ ಮೇಲೆ ಮೂರು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು: ಪೋಸ್ಟಿನ ರೀಚ್, ಲಿಂಕ್ ಕ್ಲಿಕ್ಕುಗಳು, ಬ್ಲಾಗಿಗೆ ಬಂದ ಭೇಟಿಗಳು. ರೀಚ್ ಮೊದಲಿನಂತೆಯೇ ಇದ್ದು ಕ್ಲಿಕ್ ಮಾತ್ರ ಇಳಿದಿದ್ದರೆ ದೋಷ ಲಿಂಕಿನ ಕಾರ್ಡಿನಲ್ಲಿ (ಲಿಂಕಿನೊಡನೆ ಮೂಡುವ ಚಿತ್ರ, ಶೀರ್ಷಿಕೆಗಳ ಚೌಕಟ್ಟಿನಲ್ಲಿ) ಅಥವಾ ಪೋಸ್ಟಿನ ಬರಹದಲ್ಲಿದೆ. ಕ್ಲಿಕ್ ಮೊದಲಿನಷ್ಟೇ ಇದ್ದು ಬ್ಲಾಗಿನ ಭೇಟಿ ಇಳಿದಿದ್ದರೆ ಪುಟ ತೆರೆಯುತ್ತಿಲ್ಲ, ಇಲ್ಲವೇ ಅನಲಿಟಿಕ್ಸ್ ಕೋಡ್ ಕಳಚಿಕೊಂಡಿದೆ. ಥೀಮ್ ಬದಲಾಯಿಸಿದ ಮೇಲೆ ಹೀಗಾಗುವುದು ಮಾಮೂಲು. ಗೂಗಲ್ ಹುಡುಕಾಟದಿಂದ ಬರುವವರೂ ಸೇರಿ ಎಲ್ಲ ದಿಕ್ಕಿನಿಂದಲೂ ಭೇಟಿ ಇಳಿದಿದ್ದರೆ ಸಾಮಾಜಿಕ ಜಾಲತಾಣವನ್ನು ದೂರುವುದನ್ನು ಬಿಟ್ಟು ಬ್ಲಾಗಿನ ಆರೋಗ್ಯವನ್ನೇ ನೋಡಬೇಕು. ರೀಚೇ ಇಳಿದು, ಕಂಡವರಲ್ಲಿ ಒತ್ತುವವರ ಪ್ರಮಾಣ ಹಾಗೆಯೇ ಉಳಿದಿದ್ದರೆ ಮಾತ್ರ ಸಮಸ್ಯೆ ಹಂಚಿಕೆಯದು.

ಕರೆಂಟ್ ಹೋದಾಗ ಫ್ಯೂಸ್ ಬಿಚ್ಚುವ ಮೊದಲು ಪಕ್ಕದ ಮನೆಯಲ್ಲಿ ದೀಪ ಉರಿಯುತ್ತಿದೆಯೇ ಎಂದು ಇಣುಕುವಂತೆ, ನಿಮ್ಮಂತೆಯೇ ಬರೆಯುವ ಮೂರ್ನಾಲ್ಕು ಬ್ಲಾಗಿಗರನ್ನು ಒಮ್ಮೆ ವಿಚಾರಿಸಿ. ಎಲ್ಲರಿಗೂ ಒಂದೇ ವಾರದಲ್ಲಿ ಇಳಿದಿದ್ದರೆ ಕಾರಣ ಹೊರಗಿದೆ. ನಿಮಗೊಬ್ಬರಿಗೇ ಆಗಿದ್ದರೆ ಮುಂದಿನ ಮೂರು ಭಾಗಗಳು ನಿಮಗಾಗಿ.

ಪೋಸ್ಟ್ ಹೋಗಿ ಸೇರುತ್ತಿದೆಯೇ?

ಲೇಖನ ಪ್ರಕಟಿಸಿದೊಡನೆ ಅದು ತಾನೇ ಫೇಸ್‌ಬುಕ್ಕಿಗೂ ಟ್ವಿಟರಿಗೂ (ಈಗಿನ ಎಕ್ಸ್) ಹೋಗುವಂತೆ ಹಿಂದೆಂದೋ ಏರ್ಪಾಡು ಮಾಡಿ ಮರೆತವರು ಈ ಭಾಗವನ್ನು ಗಮನವಿಟ್ಟು ಓದಬೇಕು. 2018ರ ಆಗಸ್ಟ್ 1ರಿಂದ ಫೇಸ್‌ಬುಕ್ ಹೊರಗಿನ ಆ್ಯಪ್‌ಗಳು ವೈಯಕ್ತಿಕ ಪ್ರೊಫೈಲಿಗೆ ತಾವಾಗಿ ಪೋಸ್ಟ್ ಮಾಡುವುದನ್ನು ನಿಲ್ಲಿಸಿತು. ಪುಟಗಳಿಗೆ ಮಾತ್ರ ಅವಕಾಶ ಉಳಿಯಿತು. 2023ರಲ್ಲಿ ಟ್ವಿಟರ್ ತನ್ನ ಎಪಿಐ (ಹೊರಗಿನ ತಂತ್ರಾಂಶಗಳು ತಾಣದೊಡನೆ ಬೆಸೆದುಕೊಳ್ಳುವ ದಾರಿ) ದರಗಳನ್ನು ಬದಲಾಯಿಸಿದ ಬಳಿಕ ವರ್ಡ್‌ಪ್ರೆಸ್‌ನ ಜೆಟ್‌ಪ್ಯಾಕ್ ಪ್ಲಗಿನ್ ಅಲ್ಲಿಗೆ ತಾನಾಗಿ ಹಂಚುವ ಸೌಲಭ್ಯವನ್ನು ಕೈಬಿಟ್ಟಿತು. 2024ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ ಗುಂಪುಗಳ ಎಪಿಐ ಮುಚ್ಚಿತು, ಆ ಮೇಲೆ ಶೆಡ್ಯೂಲ್ ಮಾಡುವ ಸಾಧನಗಳಿಂದ ಗುಂಪುಗಳಿಗೆ ಪೋಸ್ಟ್ ಹೋಗುವುದು ನಿಂತಿತು. ಇವುಗಳಲ್ಲಿ ಯಾವುದೂ ಅಲ್ಗಾರಿದಂ ಬದಲಾವಣೆಯಲ್ಲ. ಆದರೆ ಬ್ಲಾಗಿಗನ ಕಣ್ಣಿಗೆ ಕಾಣುವ ಲಕ್ಷಣ ಒಂದೇ, ಭೇಟಿಗಳು ಇದ್ದಕ್ಕಿದ್ದಂತೆ ಕಡಿಮೆಯಾಗುವುದು.

ಬ್ಲಾಗ್‌ಸ್ಪಾಟ್‌ನವರಿಗೆ ಇನ್ನೊಂದು ಪೆಟ್ಟು ಬಿದ್ದದ್ದು 2021ರ ಜುಲೈನಲ್ಲಿ. ಗೂಗಲ್ ತನ್ನ ಫೀಡ್‌ಬರ್ನರ್‌ನ ಇಮೇಲ್ ಚಂದಾ ಸೇವೆಯನ್ನು ನಿಲ್ಲಿಸಿದಾಗ, ಬದಿಯ ಪಟ್ಟಿಯಲ್ಲಿ ಇಮೇಲ್ ಪೆಟ್ಟಿಗೆ ಇಟ್ಟಿದ್ದ ಬ್ಲಾಗುಗಳಿಂದ ಓದುಗರಿಗೆ ಪತ್ರ ಹೋಗುವುದು ನಿಂತುಹೋಯಿತು. ಅಂಥ ನಿರ್ಜೀವ ಪೆಟ್ಟಿಗೆ ಇನ್ನೂ ನಿಮ್ಮ ಬ್ಲಾಗಿನಲ್ಲಿದ್ದರೆ ತೆಗೆದುಹಾಕಿ, ಅದು ಓದುಗನಿಗೆ ಕೊಟ್ಟ ಸುಳ್ಳು ಭರವಸೆ.

ಪರೀಕ್ಷೆ ಸುಲಭ. ನಿಮ್ಮ ಖಾತೆಯಿಂದ ಹೊರಬಂದು, ಅಥವಾ ಗೆಳೆಯರೊಬ್ಬರ ಮೊಬೈಲಿನಲ್ಲಿ, ನಿಮ್ಮ ಪುಟವನ್ನು ತೆರೆದು ಇತ್ತೀಚಿನ ಐದು ಲೇಖನಗಳು ಅಲ್ಲಿವೆಯೇ ಎಂದು ಎಣಿಸಿ. ಫೇಸ್‌ಬುಕ್ ಪಾಸ್‌ವರ್ಡ್ ಬದಲಾಯಿಸಿದಾಗ ಹಳೆಯ ಜೋಡಣೆಗಳು ಸದ್ದಿಲ್ಲದೆ ಕಳಚಿಕೊಳ್ಳಬಹುದು, ಆಗ ಮತ್ತೆ ಅನುಮತಿ ಕೊಡಬೇಕು. ಎಲ್ಲ ಸರಿಯಾಗಿದ್ದರೂ, ಯಂತ್ರ ಹಾಕುವ ಬೋಳು ಲಿಂಕಿಗಿಂತ ನೀವೇ ನಾಲ್ಕು ಸಾಲು ಬರೆದು ಹಾಕಿದ್ದಕ್ಕೆ ಬೆಲೆ ಹೆಚ್ಚು. ಸ್ವಯಂಚಾಲಿತ ಹಂಚಿಕೆಯಿಂದ ಉಳಿಯುವ ಸಮಯ ಇದಕ್ಕೆ ತಕ್ಕುದಲ್ಲ ಎಂಬುದು ನನ್ನ ಅಭಿಪ್ರಾಯ.

ಲಿಂಕಿನ ಕಾರ್ಡು ಮತ್ತು ಕನ್ನಡದ ವಿಳಾಸ

ಲಿಂಕ್ ಅಂಟಿಸಿದಾಗ ಚಿತ್ರ, ಶೀರ್ಷಿಕೆ, ಎರಡು ಸಾಲಿನ ಸಾರಾಂಶ ತಾವಾಗಿ ಮೂಡುತ್ತವೆಯಲ್ಲ, ಅವು ಬರುವುದು ಪುಟದ ಒಳಗಿರುವ ಓಪನ್ ಗ್ರಾಫ್ ಟ್ಯಾಗ್‌ಗಳಿಂದ. 2010ರಲ್ಲಿ ಫೇಸ್‌ಬುಕ್ ಜಾರಿಗೆ ತಂದ ಈ ಪದ್ಧತಿಯನ್ನು ವಾಟ್ಸ್ಆ್ಯಪ್ ಮತ್ತಿತರ ತಾಣಗಳೂ ಬಳಸುತ್ತವೆ. ಟ್ಯಾಗ್ ಇಲ್ಲದಿದ್ದರೆ ಯಂತ್ರ ತನಗೆ ತೋಚಿದ ಚಿತ್ರವನ್ನು ಎತ್ತಿಕೊಳ್ಳುತ್ತದೆ. ಅದು ಬದಿಯಲ್ಲಿರುವ ಜಾಹೀರಾತಿನ ಚಿತ್ರವಾಗಿರಬಹುದು, ನಿಮ್ಮ ಹಳೆಯ ಭಾವಚಿತ್ರವೂ ಆಗಿರಬಹುದು. ಚಿತ್ರದ ಅಗಲ 1200, ಎತ್ತರ 630 ಪಿಕ್ಸೆಲ್ ಇರಬೇಕೆಂದು ಫೇಸ್‌ಬುಕ್ ಸೂಚಿಸುತ್ತದೆ. 600ಕ್ಕೆ 315ಕ್ಕಿಂತ ಚಿಕ್ಕದಿದ್ದರೆ ದೊಡ್ಡ ಕಾರ್ಡಿನ ಬದಲು ಮೂಲೆಯಲ್ಲಿ ಪುಟ್ಟ ಚೌಕ ಮೂಡುತ್ತದೆ, ಅದನ್ನು ದಾಟಿ ಹೋಗುವುದು ಬೆರಳಿಗೆ ಬಲು ಸುಲಭ.

ಪರೀಕ್ಷೆಗೆ ಫೇಸ್‌ಬುಕ್ಕಿನ ಶೇರಿಂಗ್ ಡೀಬಗರ್ ಎಂಬ ಉಚಿತ ಸಾಧನವಿದೆ. ಲೇಖನದ ವಿಳಾಸವನ್ನು ಅದಕ್ಕೆ ಕೊಟ್ಟರೆ ಯಂತ್ರಕ್ಕೆ ಏನು ಕಾಣುತ್ತಿದೆಯೆಂದು ಹೇಳುತ್ತದೆ. ಚಿತ್ರ ಬದಲಾಯಿಸಿದ ಮೇಲೂ ಹಳೆಯದೇ ತೋರುತ್ತಿದ್ದರೆ ಅಲ್ಲಿರುವ 'ಸ್ಕ್ರೇಪ್ ಅಗೇನ್' ಒತ್ತಿ, ಏಕೆಂದರೆ ಮೊದಲ ಸಲ ಕಂಡದ್ದನ್ನು ಫೇಸ್‌ಬುಕ್ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಕಾರ್ಡು ಪೂರ್ತಿ ಖಾಲಿಯಿದ್ದರೆ ನಿಮ್ಮ ಭದ್ರತಾ ಪ್ಲಗಿನ್ ಅಥವಾ ಹೋಸ್ಟಿಂಗ್‌ನವರ ಫೈರ್‌ವಾಲ್ ಫೇಸ್‌ಬುಕ್ಕಿನ ಕ್ರಾಲರನ್ನು (ಪುಟ ಓದಲು ಬರುವ ಯಂತ್ರವನ್ನು) ಕಳ್ಳನೆಂದು ತಡೆಯುತ್ತಿರಬಹುದು.

ಇನ್ನು ಕನ್ನಡಕ್ಕೇ ಸಂಬಂಧಿಸಿದ ದೋಷ, ಇಂಗ್ಲಿಷಿನ ಮಾರ್ಗದರ್ಶಿಗಳಲ್ಲಿ ಇದು ಸಿಗುವುದು ಅಪರೂಪ. ವರ್ಡ್‌ಪ್ರೆಸ್ ಲೇಖನದ ಶೀರ್ಷಿಕೆಯಿಂದಲೇ ವಿಳಾಸವನ್ನು ರಚಿಸುತ್ತದೆ. ಆ ವಿಳಾಸದಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಯೂ ಮೂರು ಬೈಟ್ ಆಗಿ, ಪ್ರತಿ ಬೈಟೂ ಶೇಕಡಾ ಗುರುತು ಸೇರಿ ಮೂರು ಅಕ್ಷರವಾಗಿ, ಒಟ್ಟು ಒಂಬತ್ತು ಅಕ್ಷರಗಳ ಜಾಗ ತಿನ್ನುತ್ತದೆ. ಮೂಲ ಅಕ್ಷರಕ್ಕೆ ಒಂಬತ್ತು, ಅದರ ಕೊಂಬು ಇಲ್ಲವೇ ಗುಡಿಸಿಗೆ ಮತ್ತೊಂದು ಒಂಬತ್ತು. 'ಕನ್ನಡ' ಎಂಬ ಮೂರಕ್ಷರದ ಪದಕ್ಕೇ ಒತ್ತಕ್ಷರದ ಕಾರಣದಿಂದ ಐದು ಚಿಹ್ನೆ, ಅಂದರೆ 45 ಅಕ್ಷರ ಬೇಕು. ವರ್ಡ್‌ಪ್ರೆಸ್ ಈ ಭಾಗಕ್ಕೆ ಇಟ್ಟಿರುವ ಮಿತಿ 200. 'ಮಳೆಗಾಲದ ಪತ್ರೊಡೆ ಮಾಡುವ ವಿಧಾನ' ಎಂಬ ಶೀರ್ಷಿಕೆಯನ್ನು ಲೆಕ್ಕ ಹಾಕಿ: ಏಳು, ಏಳು, ಐದು, ಐದು, ಹೀಗೆ 24 ಚಿಹ್ನೆಗಳು 216 ಅಕ್ಷರ, ನಡುವಿನ ಮೂರು ಅಡ್ಡಗೆರೆ ಸೇರಿ 219. ಮಿತಿ ಮೀರಿದ್ದರಿಂದ ವಿಳಾಸವು 'ಮಳೆಗಾಲದ ಪತ್ರೊಡೆ ಮಾಡುವ ವಿ' ಎನ್ನುವಲ್ಲಿಗೆ ತುಂಡಾಗುತ್ತದೆ. ಕೊನೆಯಲ್ಲಿ ಮಾತ್ರ ಭಿನ್ನವಾಗಿರುವ ಸರಣಿ ಲೇಖನಗಳಾದರೆ ಎಲ್ಲವೂ ಒಂದೇ ಕಡೆ ತುಂಡಾಗಿ, ಬಾಲಕ್ಕೆ 2, 3 ಎಂಬ ಅಂಕಿ ಅಂಟಿಕೊಳ್ಳುತ್ತದೆ.

ಇಂಥ ವಿಳಾಸವನ್ನು ವಾಟ್ಸ್ಆ್ಯಪ್‌ನಲ್ಲಿ ಅಂಟಿಸಿದರೆ ಶೇಕಡಾ ಗುರುತುಗಳ ಉದ್ದನೆಯ ಸಾಲು ಪರದೆ ತುಂಬ ಹರಡುತ್ತದೆ. ನೋಡಿದವರಿಗೆ ವೈರಸ್ ಲಿಂಕಿನಂತೆ ಕಾಣುತ್ತದೆ. ಯಾರಾದರೂ ಕೈಯಿಂದ ನಕಲು ಮಾಡುವಾಗ ಬಾಲ ತುಂಡಾದರೆ ಪುಟವೇ ತೆರೆಯುವುದಿಲ್ಲ. ಪರಿಹಾರ ಸರಳ: ಶೀರ್ಷಿಕೆ ಕನ್ನಡದಲ್ಲೇ ಇರಲಿ, ವಿಳಾಸದ ಭಾಗವನ್ನು ಪ್ರಕಟಿಸುವ ಮೊದಲು ರೋಮನ್ ಲಿಪಿಯಲ್ಲಿ ಎರಡು ಮೂರು ಪದಗಳಿಗೆ ಇಳಿಸಿ. ಬ್ಲಾಗ್‌ಸ್ಪಾಟ್‌ನಲ್ಲಿ ತೊಂದರೆ ಇದಕ್ಕೆ ತದ್ವಿರುದ್ಧ. ಕನ್ನಡದ ಶೀರ್ಷಿಕೆ ಕೊಟ್ಟರೆ ಅದು ವಿಳಾಸದಲ್ಲಿ 'ಬ್ಲಾಗ್ ಪೋಸ್ಟ್' ಎಂಬ ಎರಡು ಪದವನ್ನೇ ಹಾಕಿ, ಮುಂದಿನ ಲೇಖನಗಳಿಗೆ ಅಂಕಿ ಜೋಡಿಸುತ್ತ ಹೋಗುತ್ತದೆ. ಅಲ್ಲಿಯೂ ಬಲಬದಿಯ ಪರ್ಮಾಲಿಂಕ್ ಭಾಗದಲ್ಲಿ 'ಕಸ್ಟಮ್' ಆರಿಸಿ ನೀವೇ ವಿಳಾಸ ಕೊಡಬಹುದು. ಹಳೆಯ ಲೇಖನಗಳ ವಿಳಾಸವನ್ನು ಮಾತ್ರ ಉತ್ಸಾಹದಲ್ಲಿ ಬದಲಾಯಿಸಲು ಹೋಗಬೇಡಿ. ವರ್ಡ್‌ಪ್ರೆಸ್ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳುಹಿಸುತ್ತದೆಯಾದರೂ, ಈಗಾಗಲೇ ಕೂಡಿರುವ ಶೇರ್ ಲೆಕ್ಕಗಳು ಹಳೆಯ ವಿಳಾಸಕ್ಕೆ ಅಂಟಿಕೊಂಡಿರುತ್ತವೆ.

ಕಾರ್ಡಿನ ಚಿತ್ರದ ಮೇಲೆ ಕನ್ನಡ ಬರಹವಿದ್ದರೆ ಒತ್ತಕ್ಷರಗಳನ್ನು ಒಮ್ಮೆ ದೊಡ್ಡದು ಮಾಡಿ ನೋಡಿ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಪಠ್ಯ ಆಯ್ಕೆಯನ್ನು ಚಾಲೂ ಮಾಡದಿದ್ದರೆ ಒತ್ತುಗಳು ಕಳಚಿ ಅಕ್ಷರದ ಪಕ್ಕಕ್ಕೆ ಬಂದು ನಿಲ್ಲುತ್ತವೆ. ಇದಕ್ಕೆ ಅಂಜಿ 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್ ಬಳಸುವವರಿದ್ದಾರೆ. ಚಿತ್ರಕ್ಕೆ ಅದು ನಡೆದೀತು. ಆದರೆ ಅದೇ ಪಠ್ಯವನ್ನು ಪೋಸ್ಟಿನ ವಿವರಣೆಗೆ ಅಂಟಿಸಿದರೆ ಅಲ್ಲಿ ಮೂಡುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಬರಹ ಯಾವ ಭಾಷೆಯದು, ಯಾವ ವಿಷಯದ್ದು ಎಂದು ಯಂತ್ರಕ್ಕೂ ತಿಳಿಯುವುದಿಲ್ಲ, ಹುಡುಕುವವರಿಗೂ ಸಿಗುವುದಿಲ್ಲ.

ಕೊನೆಗೆ, ಫೇಸ್‌ಬುಕ್ ಆ್ಯಪಿನೊಳಗಿನಿಂದಲೇ ಲಿಂಕ್ ಒತ್ತಿ, ಸಾಧಾರಣ ಆಂಡ್ರಾಯ್ಡ್ ಮೊಬೈಲಿನಲ್ಲಿ ಪುಟ ತೆರೆದು ನೋಡಿ. ಕ್ರೋಮ್‌ನಲ್ಲಿ ಚೆನ್ನಾಗಿರುವ ಪುಟ ಅಲ್ಲಿ ಬೇರೆ ಅವತಾರ ತಾಳಬಹುದು. ಭಾರವಾದ ಕನ್ನಡ ವೆಬ್‌ಫಾಂಟ್ ಇಳಿಯುವವರೆಗೆ ಪರದೆ ಬೆಳ್ಳಗೆ ಕಾಣುತ್ತಿದ್ದರೆ, ಅಥವಾ ಮೊದಲ ಪ್ಯಾರಾದ ಮೇಲೆ ಪಾಪ್‌ಅಪ್ ಬಂದು ಕುಳಿತರೆ, ಬಂದ ಓದುಗ ಬಂದ ದಾರಿಯಲ್ಲೇ ಹಿಂದಿರುಗುತ್ತಾನೆ.

ಖಾತೆಗೆ ತಡೆ ಬಿದ್ದಿದೆಯೇ?

'ಶ್ಯಾಡೋಬ್ಯಾನ್' (ತಿಳಿಸದೆಯೇ ಖಾತೆಯ ಪೋಸ್ಟುಗಳನ್ನು ಮರೆಗೆ ಸರಿಸುವುದು) ಎಂಬ ಮಾತನ್ನು ಜನ ಸಡಿಲವಾಗಿ ಬಳಸುತ್ತಾರೆ. ಊಹೆಗಿಂತ ದಾಖಲೆ ಮೇಲು: ಇನ್‌ಸ್ಟಾಗ್ರಾಂ ಸೆಟ್ಟಿಂಗ್‌ಗಳಲ್ಲಿ 'ಅಕೌಂಟ್ ಸ್ಟೇಟಸ್' ತೆರೆದರೆ, ನಿಮ್ಮ ಬರಹಗಳನ್ನು ಫಾಲೋವರ್ ಅಲ್ಲದವರಿಗೆ ಶಿಫಾರಸು ಮಾಡಲು ಅರ್ಹತೆ ಇದೆಯೇ, ಯಾವ ಪೋಸ್ಟಿನಿಂದ ತೊಡಕಾಗಿದೆ ಎಂಬುದು ಕಾಣುತ್ತದೆ, ತಪ್ಪು ತೀರ್ಮಾನವೆನಿಸಿದರೆ ಅಲ್ಲಿಂದಲೇ ಮರುಪರಿಶೀಲನೆ ಕೋರಬಹುದು. ಫೇಸ್‌ಬುಕ್ ಪುಟಕ್ಕೂ ಇಂಥದೇ ಸ್ಥಿತಿವರದಿಯಿದೆ.

ತಡೆಯ ಸಾಮಾನ್ಯ ಕಾರಣಗಳು ಎರಡು. ಮೊದಲನೆಯದು ಪ್ರತಿಕ್ರಿಯೆಗೆ ಗಾಳ ಹಾಕುವುದು. 'ನೀವು ಅಪ್ಪಟ ಕನ್ನಡಿಗರಾದರೆ ಶೇರ್ ಮಾಡಿ', 'ಐದು ಜನರನ್ನು ಟ್ಯಾಗ್ ಮಾಡಿ' ಎಂಬ ಧಾಟಿಯ ಪೋಸ್ಟ್‌ಗಳನ್ನು ಕೆಳಗಿಳಿಸುವುದಾಗಿ ಫೇಸ್‌ಬುಕ್ 2017ರ ಡಿಸೆಂಬರ್‌ನಲ್ಲೇ ಪ್ರಕಟಿಸಿತ್ತು. ಕನ್ನಡದಲ್ಲಿ ಬರೆದರೆ ಯಂತ್ರಕ್ಕೆ ಗೊತ್ತಾಗದು ಎಂದು ನಂಬಿ ಕೂರುವುದು ಜಾಣತನವಲ್ಲ. ಎರಡನೆಯದು ಬೇರೆಯವರದನ್ನು ಎತ್ತಿ ಹಾಕುವುದು. ಪದೇ ಪದೇ ಇತರರ ಸರಕನ್ನೇ ಮರುಪ್ರಕಟಿಸುವ ಖಾತೆಗಳನ್ನು ಶಿಫಾರಸಿನಿಂದ ಹೊರಗಿಡುವುದಾಗಿ ಇನ್‌ಸ್ಟಾಗ್ರಾಂ 2024ರ ಏಪ್ರಿಲ್‌ನಲ್ಲಿ ಹೇಳಿತು. ಸ್ವಂತ ಲೇಖನಗಳ ನಡುವೆ ಪುಟ ಖಾಲಿ ಕಾಣದಿರಲೆಂದು ಮೀಮುಗಳನ್ನು ತುಂಬಿಸುವ ಬ್ಲಾಗಿಗರು ಇದನ್ನು ಗಮನಿಸಬೇಕು.

ಕೆನಡಾದಲ್ಲಿರುವ ಓದುಗರು ಮಾತ್ರ 'ನಿಮ್ಮ ಲಿಂಕ್ ಕಾಣುತ್ತಿಲ್ಲ' ಎಂದರೆ ದೋಷ ನಿಮ್ಮದಲ್ಲದಿರಬಹುದು. ಅಲ್ಲಿನ ಆನ್‌ಲೈನ್ ಸುದ್ದಿ ಕಾಯ್ದೆಯ ಕಾರಣ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಒಡೆಯ ಸಂಸ್ಥೆ ಮೆಟಾ 2023ರ ಆಗಸ್ಟ್‌ನಿಂದ ಆ ದೇಶದಲ್ಲಿ ಸುದ್ದಿ ಸಂಸ್ಥೆಗಳ ಲಿಂಕುಗಳನ್ನು ತಡೆದಿದೆ. ಸುದ್ದಿಯ ಸ್ವರೂಪದ ಬ್ಲಾಗು ಅದರಲ್ಲಿ ಸಿಕ್ಕಿಬೀಳುವ ಸಾಧ್ಯತೆಯಿದೆ.

ಈಗ ಅಲ್ಗಾರಿದಂ

ಮೇಲಿನದೆಲ್ಲ ಸರಿಯಿದ್ದೂ ರೀಚ್ ಇಳಿದಿದ್ದರೆ ಅನುಮಾನ ನ್ಯಾಯವಾಗಿಯೇ ಅಲ್ಗಾರಿದಮ್ಮಿನ ಮೇಲೆ ಹೋಗುತ್ತದೆ. ಬದಲಾವಣೆಗಳ ಚರಿತ್ರೆಯಲ್ಲಿ ಬ್ಲಾಗಿಗರಿಗೆ ಮುಖ್ಯವಾದವು ಕೆಲವೇ. ಇನ್‌ಸ್ಟಾಗ್ರಾಂ 2016ರಲ್ಲಿ ಕಾಲಾನುಕ್ರಮದ ಫೀಡನ್ನು ಬಿಟ್ಟು, ಯಾರಿಗೆ ಯಾವುದು ಹಿಡಿಸೀತು ಎಂಬ ಅಂದಾಜಿನ ಮೇಲೆ ಜೋಡಿಸತೊಡಗಿತು. 2018ರ ಜನವರಿಯಲ್ಲಿ ಫೇಸ್‌ಬುಕ್ ಪುಟಗಳ ಪೋಸ್ಟ್‌ಗಳಿಗಿಂತ ಸ್ನೇಹಿತರು ಮತ್ತು ಮನೆಯವರ ಪೋಸ್ಟ್‌ಗಳಿಗೆ, ಅದರಲ್ಲೂ ಮಾತುಕತೆ ಹುಟ್ಟಿಸುವಂಥವಕ್ಕೆ ಆದ್ಯತೆ ಕೊಡುವುದಾಗಿ ಘೋಷಿಸಿತು. ಬ್ಲಾಗುಗಳ ಪುಟಗಳು ಸೊರಗತೊಡಗಿದ್ದರ ಮೂಲ ಬಹುಮಟ್ಟಿಗೆ ಇಲ್ಲಿದೆ. 2020ರ ಜೂನ್ ಕೊನೆಗೆ ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾಗಿ, ಜುಲೈನಲ್ಲಿ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ಆರಂಭಿಸಿತು. ಅಲ್ಲಿಂದ ಮುಂದೆ ಫೀಡಿನ ಜಾಗದಲ್ಲಿ ದೊಡ್ಡ ಪಾಲು ನೀವು ಫಾಲೋ ಮಾಡದವರ ವಿಡಿಯೊಗಳದ್ದಾಯಿತು. ಎಕ್ಸ್‌ನಲ್ಲಿ ಲಿಂಕ್ ಇರುವ ಪೋಸ್ಟ್‌ಗಳು ಹಿಂದೆ ಬೀಳುತ್ತವೆ ಎಂಬ ದೂರಿಗೆ 2024ರ ನವೆಂಬರ್‌ನಲ್ಲಿ ಇಲಾನ್ ಮಸ್ಕ್ ಅವರೇ, ಮುಖ್ಯ ಪೋಸ್ಟಿನಲ್ಲಿ ವಿವರಣೆ ಬರೆದು ಲಿಂಕನ್ನು ಉತ್ತರದಲ್ಲಿ ಹಾಕಿ ಎಂದರು.

ಯಾವ ಬದಲಾವಣೆ ನಿಮಗೆ ತಟ್ಟಿದೆ ಎಂದು ತಿಳಿಯಲು ತಾಣವೇ ಕೊಡುವ ಅಂಕಿಅಂಶಗಳ ಪುಟ ಇನ್‌ಸೈಟ್ಸ್‌ನಲ್ಲಿ ರೀಚನ್ನು ಎರಡು ಬಗೆಯಲ್ಲಿ ಒಡೆದು ನೋಡಿ: ಫಾಲೋವರ್‌ಗಳು ಎಷ್ಟು, ಇತರರು ಎಷ್ಟು, ಲಿಂಕ್ ಪೋಸ್ಟ್ ಎಷ್ಟು, ಫೋಟೊ ಎಷ್ಟು, ವಿಡಿಯೊ ಎಷ್ಟು. ಲಿಂಕ್ ಪೋಸ್ಟ್ ಮಾತ್ರ ಬಿದ್ದು ಫೋಟೊ ನಿಂತಿದ್ದರೆ ಅದು ಸ್ವರೂಪದ ಸಮಸ್ಯೆ. ಇತರರ ಪಾಲು ಮಾತ್ರ ಬಿದ್ದಿದ್ದರೆ ಶಿಫಾರಸಿನ ದಾರಿ ಮುಚ್ಚಿದೆ, ಹಿಂದಿನ ಭಾಗಕ್ಕೆ ಮರಳಿ. ಫಾಲೋವರ್‌ಗಳ ಪಾಲು ಮಾತ್ರ ಬಿದ್ದಿದ್ದರೆ ಅವರೊಡನೆ ನಿಮ್ಮ ನಂಟು ಹಳಸಿದೆ: ಹತ್ತು ವರ್ಷದ ಹಿಂದೆ ಲೈಕ್ ಒತ್ತಿದವರಲ್ಲಿ ಎಷ್ಟೋ ಮಂದಿ ಈಗ ಫೇಸ್‌ಬುಕ್ ತೆರೆಯುವುದೇ ಇಲ್ಲ. ಹಣ ಕೊಟ್ಟು ತಂದ ಫಾಲೋವರ್‌ಗಳಿದ್ದರಂತೂ ಅವರು ಯಾವುದಕ್ಕೂ ಸ್ಪಂದಿಸದೆ, ಯಂತ್ರದ ಅಂದಾಜನ್ನೇ ಕೆಡಿಸುತ್ತಾರೆ.

ಸ್ವರೂಪದ ಸಮಸ್ಯೆಗೆ ಪರಿಹಾರ, ಪೋಸ್ಟನ್ನೇ ಒಂದು ಪೂರ್ಣ ಬರಹವನ್ನಾಗಿ ಮಾಡುವುದು. ಪತ್ರೊಡೆಯ ಲೇಖನವನ್ನೇ ತೆಗೆದುಕೊಳ್ಳಿ. 'ಹೊಸ ಲೇಖನ ಪ್ರಕಟವಾಗಿದೆ, ಓದಿ ಅಭಿಪ್ರಾಯ ತಿಳಿಸಿ' ಎಂದು ಬರೆದು ಲಿಂಕ್ ಹಾಕಿದರೆ, ಫೀಡಿನಲ್ಲೇ ಇರುವವನಿಗೆ ಏನೂ ಸಿಗಲಿಲ್ಲ. ಬದಲಿಗೆ, 'ಕೆಸುವಿನ ಎಲೆ ಗಂಟಲು ಕೆರೆಯುವುದು ಅದರೊಳಗಿನ ಸೂಜಿಯಂಥ ಆಕ್ಸಲೇಟ್ ಹರಳುಗಳಿಂದ. ಹಿಟ್ಟಿಗೆ ಹುಣಸೆಹುಳಿ ಧಾರಾಳವಾಗಿ ಹಾಕುವುದು ರುಚಿಗಷ್ಟೇ ಅಲ್ಲ. ನಿಮ್ಮ ಮನೆಯಲ್ಲಿ ಅಕ್ಕಿಯ ಜೊತೆ ಯಾವ ಬೇಳೆ ನೆನೆಸುತ್ತೀರಿ?' ಎಂದು ಬರೆದರೆ, ಒತ್ತದೆ ಹೋದವನಿಗೂ ಒಂದು ವಿಷಯ ದಕ್ಕಿತು. ಬೇಳೆಯ ಬಗ್ಗೆ ಮಂಗಳೂರಿನವರೂ ಶಿರಸಿಯವರೂ ಖಂಡಿತ ಜಗಳಾಡುತ್ತಾರೆ, ಆ ಜಗಳವೇ ಫೇಸ್‌ಬುಕ್ ಬಯಸುವ ಮಾತುಕತೆ. ಬಂದ ಪ್ರತಿಕ್ರಿಯೆಗಳಿಗೆ ಬರಿಯ 'ಧನ್ಯವಾದ' ಎನ್ನದೆ ಮರುಮಾತು ಬೆಳೆಸಿ. ಲಿಂಕನ್ನು ಕಾಮೆಂಟಿನಲ್ಲಿ ಹಾಕಬೇಕೇ, ಮೇಲೆಯೇ ಹಾಕಬೇಕೇ ಎಂಬುದು ಪುಟದಿಂದ ಪುಟಕ್ಕೆ ಬೇರೆಯಾಗುವುದರಿಂದ ಪರೀಕ್ಷಿಸಿಯೇ ತಿಳಿಯಬೇಕು.

ಇನ್‌ಸ್ಟಾಗ್ರಾಂನಲ್ಲಿ ವಿವರಣೆಯೊಳಗಿನ ಲಿಂಕ್ ಒತ್ತಲು ಬರುವುದಿಲ್ಲ. ಪ್ರೊಫೈಲಿನಲ್ಲಿ ಅಥವಾ ಸ್ಟೋರಿಯ ಲಿಂಕ್ ಸ್ಟಿಕರ್‌ನಲ್ಲಿ ಕೊಡಬೇಕು. ಆ ಸ್ಟಿಕರ್ 2021ರ ಅಕ್ಟೋಬರ್‌ನಿಂದ ಎಲ್ಲ ಖಾತೆಗಳಿಗೂ ಲಭ್ಯವಿದೆ. ಸಂಸ್ಥೆಯ ಮುಖ್ಯಸ್ಥ ಆಡಂ ಮೊಸ್ಸೆರಿ 2025ರ ಆರಂಭದಲ್ಲಿ ಹೇಳಿದಂತೆ ಹೆಚ್ಚು ತೂಕವಿರುವುದು ಮೂರಕ್ಕೆ: ಎಷ್ಟು ಹೊತ್ತು ನೋಡಿದರು, ಎಷ್ಟು ಲೈಕ್ ಬಂತು, ಎಷ್ಟು ಮಂದಿ ಇನ್ನೊಬ್ಬರಿಗೆ ಕಳುಹಿಸಿದರು. ಹೊಸಬರನ್ನು ತಲುಪುವುದರಲ್ಲಿ ಕಳುಹಿಸುವಿಕೆಗೇ ಬೆಲೆ ಜಾಸ್ತಿ. ಹಾಗಿದ್ದರೆ ಬ್ಲಾಗಿಗ ಕೇಳಿಕೊಳ್ಳಬೇಕಾದ ಪ್ರಶ್ನೆ, ಇದನ್ನು ಒಬ್ಬರು ತಮ್ಮ ಅಕ್ಕನಿಗೋ ಗೆಳೆಯನಿಗೋ ಏಕೆ ಕಳುಹಿಸಿಯಾರು ಎಂಬುದು. ಲೇಖನವನ್ನು ಏಳೆಂಟು ಚಿತ್ರಗಳ ಸಾಲಾಗಿ ಮಾಡುವುದು ಕ್ಯಾಮೆರಾಕ್ಕೆ ಮುಖ ತೋರಿಸಲು ಇಷ್ಟವಿಲ್ಲದವರಿಗೆ ಒಳ್ಳೆಯ ದಾರಿ. ಹ್ಯಾಶ್‌ಟ್ಯಾಗ್‌ಗಳಿಂದ ರೀಚ್ ಗಣನೀಯವಾಗಿ ಏರುವುದಿಲ್ಲವೆಂದು ಮೊಸ್ಸೆರಿಯವರೇ ಹೇಳಿದ್ದಾರೆ. ಟ್ಯಾಗ್ ತುಂಬುವ ಹೊತ್ತಿನಲ್ಲಿ ಮೊದಲ ಸಾಲನ್ನು ತಿದ್ದುವುದು ಮೇಲು.

ಹೊತ್ತಿನ ಮಾತು ಬಂದರೆ, ರಾತ್ರಿ 9ಕ್ಕೆ ಹಾಕಿದ ಪೋಸ್ಟ್ ದುಬೈನಲ್ಲಿ ಸಂಜೆ ಏಳೂವರೆಗೆ, ನ್ಯೂಯಾರ್ಕ್ ಕಡೆ ಬೇಸಿಗೆಯಲ್ಲಿ ಬೆಳಗ್ಗೆ ಹನ್ನೊಂದೂವರೆಗೆ, ಚಳಿಗಾಲದಲ್ಲಿ ಹತ್ತೂವರೆಗೆ ಕಾಣಿಸುತ್ತದೆ. ಅನಿವಾಸಿ ಓದುಗರು ಹೆಚ್ಚಿರುವ ಬ್ಲಾಗಿಗೆ ಈ ಹೊತ್ತು ಅನುಕೂಲ.

ಒಂದು ಸಲಕ್ಕೆ ಒಂದೇ ಬದಲಾವಣೆ

ಗಾಬರಿಯಲ್ಲಿ ಹೊತ್ತು, ಸ್ವರೂಪ, ಶೀರ್ಷಿಕೆ, ಟ್ಯಾಗು ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ, ರೀಚ್ ಏರಿದರೂ ಯಾವುದರಿಂದ ಏರಿತೆಂದು ತಿಳಿಯುವುದಿಲ್ಲ. ಲಿಂಕ್ ಮೇಲಿರುವ ಆರು ಪೋಸ್ಟ್, ಕಾಮೆಂಟಿನಲ್ಲಿರುವ ಆರು ಪೋಸ್ಟ್, ಒಂದು ಬಿಟ್ಟು ಒಂದರಂತೆ, ಸಾಧ್ಯವಾದಷ್ಟು ಒಂದೇ ಹೊತ್ತಿಗೆ ಹಾಕಿ. ಹಾಕಿದ ಎರಡು ದಿನಗಳ ನಂತರದ ಅಂಕಿಯನ್ನೇ ಬರೆದುಕೊಳ್ಳಿ. ರೀಚಿಗಿಂತ ಬ್ಲಾಗಿಗೆ ಬಂದವರ ಸಂಖ್ಯೆಯ ಮೇಲೆ ತೀರ್ಮಾನ ಮಾಡಿ, ಏಕೆಂದರೆ ರೀಚ್ ಹೆಚ್ಚಾಗಿ ಓದುಗ ಬಾರದಿದ್ದರೆ ಬ್ಲಾಗಿಗೆ ಲಾಭವಿಲ್ಲ. ದೋಷ ಪತ್ತೆಯಾಗುವ ಮುನ್ನ 'ಬೂಸ್ಟ್' ಒತ್ತಿ ಹಣ ಸುರಿಯಬೇಡಿ. ಮುರಿದ ಕಾರ್ಡನ್ನು ಹೆಚ್ಚು ಜನರಿಗೆ ತೋರಿಸಿದಂತಾಗುತ್ತದೆ, ಅಷ್ಟೇ.

ವಾಟ್ಸ್ಆ್ಯಪ್‌ನಿಂದ ಬಂದವರು ಅನಲಿಟಿಕ್ಸ್‌ನಲ್ಲಿ ಸಾಮಾನ್ಯವಾಗಿ 'ಡೈರೆಕ್ಟ್' ಎಂಬ ಹೆಸರಿನಲ್ಲಿ ಸೇರಿಹೋಗುತ್ತಾರೆ. ಕನ್ನಡ ಬ್ಲಾಗುಗಳಿಗೆ ಓದುಗರು ಬರುವ ದೊಡ್ಡ ದಾರಿಗಳಲ್ಲಿ ಇದೂ ಒಂದಾದ್ದರಿಂದ, ಹಂಚುವ ಪ್ರತಿ ತಾಣಕ್ಕೂ ಪ್ರತ್ಯೇಕ ಯುಟಿಎಂ ಗುರುತು (ಓದುಗ ಎಲ್ಲಿಂದ ಬಂದನೆಂದು ಅನಲಿಟಿಕ್ಸ್‌ಗೆ ತಿಳಿಸುವ, ವಿಳಾಸದ ಬಾಲಕ್ಕೆ ಅಂಟಿಸುವ ಪದಗಳು) ಸೇರಿಸಿದ ಲಿಂಕ್ ಬಳಸಿ. ಆಗ ಫೇಸ್‌ಬುಕ್ಕಿನಲ್ಲಿ ಕಳೆದುಕೊಂಡಿರೆಂದುಕೊಂಡ ಓದುಗರು ವಾಟ್ಸ್ಆ್ಯಪ್ ಮೂಲಕ ಬರುತ್ತಿರುವುದು ಕಂಡರೂ ಕಾಣಬಹುದು.

ಫೀಡಿನ ಹೊರಗಿನ ದಾರಿ

ಅಲ್ಗಾರಿದಂ ಬದಲಾವಣೆಯೇ ಕಾರಣವೆಂದು ಸಾಬೀತಾದರೆ, ಹಳೆಯ ಅಂಕಿ ಮರಳುತ್ತದೆಂದು ಕಾಯುವುದರಲ್ಲಿ ಹುರುಳಿಲ್ಲ. ಬರುವ ಓದುಗರಲ್ಲಿ ಒಂದು ಪಾಲನ್ನಾದರೂ ನೇರವಾಗಿ ತಲುಪುವ ದಾರಿಗೆ ತಿರುಗಿಸಿಕೊಳ್ಳಬೇಕು. ವಾಟ್ಸ್ಆ್ಯಪ್ ಚಾನೆಲ್ 2023ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಬಂತು. ಶುರುಮಾಡುವುದು ಸುಲಭ, ಓದುಗರಿಗೆ ಪರಿಚಿತ, ಗುಂಪಿನ ಗದ್ದಲವಿಲ್ಲ. ಆದರೆ ಚಾನೆಲ್‌ನ ಫಾಲೋವರ್‌ಗಳ ಪಟ್ಟಿಯನ್ನು ನೀವು ಹೊರತೆಗೆದುಕೊಂಡು ಹೋಗಲಾರಿರಿ. ನಾಳೆ ಅಲ್ಲಿಯೂ ನಿಯಮ ಬದಲಾದರೆ ಮತ್ತೆ ಇದೇ ಕೈಪಿಡಿ ತೆರೆಯಬೇಕಾಗುತ್ತದೆ. ಇಮೇಲ್ ಪಟ್ಟಿ ನಿಧಾನವಾಗಿ ಬೆಳೆಯುತ್ತದೆ, 'ಈಗ ಯಾರು ಇಮೇಲ್ ನೋಡುತ್ತಾರೆ' ಎಂಬ ಆಕ್ಷೇಪವೂ ಇದೆ. ಆದರೂ ಆ ಪಟ್ಟಿ ನಿಮ್ಮದು, ಸೇವೆ ಕೊಡುವವರನ್ನು ಬದಲಾಯಿಸಿದರೂ ಜೊತೆಗೇ ಬರುತ್ತದೆ. ಫೀಡ್‌ಬರ್ನರ್ ಮುಚ್ಚಿದಾಗ ಪಟ್ಟಿಯನ್ನು ಇಳಿಸಿಕೊಂಡಿದ್ದವರು ಉಳಿದದ್ದು ಹೀಗೆಯೇ.

ಚಂದಾ ಪೆಟ್ಟಿಗೆಯನ್ನು ಲೇಖನದ ಕೊನೆಯ ಪ್ಯಾರಾದ ಕೆಳಗೆ ಇಡಿ, ಅಲ್ಲಿಯವರೆಗೆ ಓದಿದವರೇ ನಿಮಗೆ ಬೇಕಾದವರು. ಹೆಸರು, ಊರು, ಮೊಬೈಲ್ ಸಂಖ್ಯೆ ಎಂದೆಲ್ಲ ಕೇಳದೆ ಇಮೇಲ್ ವಿಳಾಸವೊಂದನ್ನೇ ಕೇಳಿ. ಪರಿಚಿತರ ವಿಳಾಸಗಳನ್ನು ಅವರ ಒಪ್ಪಿಗೆಯಿಲ್ಲದೆ ಪಟ್ಟಿಗೆ ತುಂಬಬೇಡಿ. ಅವರಲ್ಲಿ ಕೆಲವರು 'ಸ್ಪ್ಯಾಮ್' ಎಂದು ಒತ್ತಿದರೂ ಮಿಕ್ಕವರಿಗೆ ನಿಮ್ಮ ಪತ್ರ ತಲುಪುವುದಕ್ಕೆ ಅಡ್ಡಿಯಾಗುತ್ತದೆ. 2024ರ ಫೆಬ್ರುವರಿಯಿಂದ ಜಿಮೇಲ್ ಕಳುಹಿಸುವವರ ಗುರುತಿನ ವಿಚಾರದಲ್ಲಿ ಬಿಗಿಯಾಗಿದೆ. ಸ್ವಂತ ಡೊಮೈನ್‌ನಿಂದ ಕಳುಹಿಸುವುದಾದರೆ ಎಸ್‌ಪಿಎಫ್ ಮತ್ತು ಡಿಕೆಐಎಂ ದಾಖಲೆಗಳನ್ನು (ಪತ್ರ ನಿಜವಾಗಿಯೂ ನಿಮ್ಮ ಡೊಮೈನ್‌ನದೆಂದು ಸಾಬೀತುಪಡಿಸುವ ಗುರುತುಗಳನ್ನು) ಹೊಂದಿಸಿ, ಮೊದಲ ಪತ್ರವನ್ನು ನಿಮ್ಮದೇ ಜಿಮೇಲ್ ಮತ್ತು ಔಟ್‌ಲುಕ್ ಖಾತೆಗಳಿಗೆ ಕಳುಹಿಸಿ, ಅದು ಇನ್‌ಬಾಕ್ಸಿನಲ್ಲಿ ಬಿತ್ತೇ ಸ್ಪ್ಯಾಮಿನಲ್ಲಿ ಬಿತ್ತೇ ಎಂದು ನೋಡಿಕೊಂಡ ನಂತರವೇ ಓದುಗರ ಪಟ್ಟಿಗೆ ಕಳುಹಿಸಬೇಕು.